ಬಾಯಿಂದ ಹೊರಟ ಬಂಡಿ ಪ್ಯಾರಿಸ್ ಸೇರಿದ್ದು

ನೀವು ಹೇಳಿದ್ದು ನಿಮ್ಮ ಬಾಯಿಂದಲೇ ತಾನೆ ಹೊರಗೆ ಬರುವುದು? ಹಾಗಾದರೆ ‘ಬಂಡಿ’ ಅನ್ನಿ. ಬಂತು ನೋಡಿ, ನಿಮ್ಮ ಬಾಯಿಂದ ಒಂದು ಬಂಡಿ! ಕ್ರಿಸ್ತಪೂರ್ವ 3ನೇ ಶತಮಾನದ ಅಥೆನ್ಸಿನಲ್ಲಿ ಕ್ರಿಸಿಪ್ಪಸ್ ಎಂಬ ಸ್ಟೋಯಿಕ್ ಗುರುವಿನ ಹೆಸರಲ್ಲಿ ಓಡಾಡಿದ ತರಲೆ ತರ್ಕವಿದು. ಅದೇ ಬಂಡಿ 1969ರಲ್ಲಿ ಎಲ್ಲಿ ಬಂದು ನಿಂತಿದೆ ಗೊತ್ತೇ? ಫ್ರೆಂಚ್ ತತ್ವಜ್ಞಾನಿ ಜೀಲ್ ದೆಲ್ಯೂಜ್‌ನ ‘ಲಾಜಿಕ್ ಆಫ್ ಸೆನ್ಸ್’ ಪುಸ್ತಕದೊಳಗೆ. ಅದರ ಜೊತೆಗೆ ಯಾರು? ಲೂಯಿಸ್ ಕ್ಯಾರೊಲ್‌ನ ಆಲಿಸ್!

ಸ್ಟೋಯಿಕರೆಂದರೆ ನಮಗೆ ನೆನಪಾಗುವುದೇ ಬೇರೆ. ಸುಖಕ್ಕೆ ಹಿಗ್ಗಬೇಡ, ದುಃಖಕ್ಕೆ ಕುಗ್ಗಬೇಡ. ಸೆನೆಕ, ಎಪಿಕ್ಟೆಟಸ್, ಮಾರ್ಕಸ್ ಅರೇಲಿಯಸ್. ಆ ಮುಖವೂ ಫ್ರಾನ್ಸಿಗೆ ಹೋಗಿದೆ, ಸುಳ್ಳಲ್ಲ. ಇನ್ನೊಬ್ಬ ಫ್ರೆಂಚ್ ತತ್ವಜ್ಞಾನಿ ಮಿಶೆಲ್ ಫೂಕೋ 1981–82ರಲ್ಲಿ ಕೊಲೆಜ್ ದ ಫ್ರಾನ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳ ತುಂಬ ಇವರದೇ ಓಡಾಟ. (ಪ್ರಾಚೀನ ತತ್ವಶಾಸ್ತ್ರದ ವಿದ್ವಾಂಸ ಪಿಯೆರ್ ಆಡೊ ಆಮೇಲೆ ಫೂಕೋನ ಓದಿಗೆ ತಕರಾರು ತೆಗೆದ: ಸ್ಟೋಯಿಕರು ತಮ್ಮನ್ನು ತಿದ್ದಿಕೊಂಡದ್ದು ತಮ್ಮೊಳಗೇ ಸುಖಿಸಲಿಕ್ಕಲ್ಲ, ವಿಶ್ವದ ವಿವೇಕದೊಡನೆ ಒಂದಾಗಲಿಕ್ಕೆ. ನನ್ನ ಓಟು ಆಡೊನಿಗೆ.) ಆದರೆ ಮೈ ಜುಮ್ಮೆನ್ನುವುದು ಇಲ್ಲಲ್ಲ. ಮುಕ್ಕಾಲು ಪಾಲು ಕಳೆದೇ ಹೋಗಿದ್ದ ಅವರ ತರ್ಕಶಾಸ್ತ್ರದಲ್ಲಿ!

ಕ್ರಿಸಿಪ್ಪಸ್ 705ಕ್ಕೂ ಹೆಚ್ಚು ಪುಸ್ತಕ ಬರೆದನೆಂದು ತತ್ವಜ್ಞಾನಿಗಳ ಜೀವನ ಬರೆದ ಡಯೋಜಿನಿಸ್ ಲೇರ್ಷಿಯಸ್ ಹೇಳುತ್ತಾನೆ. ಇಡಿಯಾಗಿ ಉಳಿದದ್ದು? ಒಂದೂ ಇಲ್ಲ. ಪ್ಲೂಟಾರ್ಕ್, ಸೆಕ್ಸ್ಟಸ್ ಎಂಪಿರಿಕಸ್ ಮುಂತಾದವರು ಅವನನ್ನು ಖಂಡಿಸಲೆಂದು ಎತ್ತಿಕೊಂಡ ಮಾತುಗಳಲ್ಲಿ ಅವನು ಬದುಕಿಕೊಂಡ. ಬೈದವರೇ ಕಾಪಾಡಿದರು! ಪ್ರಾಚೀನ ಸ್ಟೋಯಿಕರ ಚೂರುಪಾರುಗಳನ್ನೆಲ್ಲ ಹಾನ್ಸ್ ಫಾನ್ ಆರ್ನಿಮ್ 1903ರಿಂದ 1905ರೊಳಗೆ 3 ಸಂಪುಟಗಳಲ್ಲಿ ಒಟ್ಟುಮಾಡಿದ. ಅದೇ ದಶಕದಲ್ಲಿ ಎಮಿಲ್ ಬ್ರೆಯೆ ಎಂಬ ಫ್ರೆಂಚ್ ವಿದ್ವಾಂಸ ಒಂದು ಪುಟ್ಟ ಪ್ರಬಂಧ ಬರೆದ. ವಿಷಯ, ಸ್ಟೋಯಿಕರ ಲೋಕದಲ್ಲಿ ದೇಹವಿಲ್ಲದವುಗಳು.

ಸ್ಟೋಯಿಕರ ಪ್ರಕಾರ ಇರುವುದೆಲ್ಲ ದೇಹವೇ. ಕಲ್ಲು ದೇಹ, ಆತ್ಮ ದೇಹ, ಸದ್ಗುಣವೂ ದೇಹ! ದನಿಯೂ ಅಷ್ಟೇ, ಅದು ಅಲುಗುವ ಗಾಳಿ. ಆದರೆ ಗ್ರೀಕನೊಬ್ಬ ಮಾತಾಡಿದರೆ ಗ್ರೀಕ್ ಬಾರದವನ ಕಿವಿಗೂ ಅದೇ ದನಿ ಬೀಳುತ್ತದಲ್ಲ, ಹೇಳಿದ್ದೇಕೆ ಅವನಿಗೆ ದಕ್ಕುವುದಿಲ್ಲ? ಹೇಳಿದ್ದು ದನಿಯಲ್ಲಿಲ್ಲ, ವಸ್ತುವಿನಲ್ಲೂ ಇಲ್ಲ. ಶೂನ್ಯ, ಸ್ಥಳ, ಕಾಲಗಳ ಸಾಲಿಗೆ ಅದನ್ನೂ ಸೇರಿಸಿ, ಈ ನಾಲ್ಕನ್ನು ಅವರು ದೇಹಗಳ ಲೆಕ್ಕದಿಂದ ಹೊರಗಿಟ್ಟರು. ಬ್ರೆಯೆ ಹಿಡಿದ ಉದಾಹರಣೆ ನೋಡಿ: ಚೂರಿ ಮಾಂಸವನ್ನು ಕುಯ್ಯುತ್ತದೆ. ಚೂರಿಯೂ ದೇಹ, ಮಾಂಸವೂ ದೇಹ. ಆದರೆ ಮಾಂಸ ‘ಕುಯ್ಯಿಸಿಕೊಂಡಿತು’ ಎಂಬುದು ಮೂರನೆಯ ವಸ್ತುವಲ್ಲ. ಅದು ಬರೀ ಘಟನೆ!

ದೆಲ್ಯೂಜ್‌ಗೆ ಸಿಕ್ಕ ಕೀಲಿ ಇದೇ: ಅರ್ಥವೂ ಇಂಥದೇ ಒಂದು ಘಟನೆ. ಪ್ಲೇಟೋನ ಹಾಗೆ ಅರ್ಥವನ್ನು ಹುಡುಕಿಕೊಂಡು ಮೇಲಿನ ಲೋಕಕ್ಕೆ ಹತ್ತಬೇಕಿಲ್ಲ, ಆಳಕ್ಕೂ ಇಳಿಯಬೇಕಿಲ್ಲ. ಅದು ಮೇಲ್ಮೈಯಲ್ಲೇ ನಡೆಯುತ್ತಿರುತ್ತದೆ. ಆಟದಂತೆ ಕಾಣುವ ಈ ಮಾತಿಗೆ ಅವನು ತಂದ ಸಾಕ್ಷಿ ಮಾತ್ರ ಆಟವಲ್ಲ. ಕವಿ ಜೋ ಬೂಸ್ಕೆ 1918ರ ಮೇ ತಿಂಗಳಲ್ಲಿ, 21ನೇ ವಯಸ್ಸಿನಲ್ಲಿ, ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿ ನಡೆಯಲಾರದಾದ. 1950ರಲ್ಲಿ ಸಾಯುವವರೆಗೂ ಹಾಸಿಗೆಯೇ ಗತಿ. ಆ ಗಾಯವನ್ನು ಅವನು ಶಪಿಸಲಿಲ್ಲ, ಅದಕ್ಕೆ ತಕ್ಕವನಾಗಲು ಹೊರಟ. ಆಗಿಹೋದದ್ದನ್ನು ಸಹಿಸುವುದಲ್ಲ, ಬಯಸುವುದು! ತರ್ಕದ ಬಾಗಿಲಿನಿಂದ ಹೊಕ್ಕ ದೆಲ್ಯೂಜ್ ಕೊನೆಗೆ ಸ್ಟೋಯಿಕರ ನೀತಿಯ ಅಂಗಳದಲ್ಲೇ ಎದ್ದ.

ದೆಲ್ಯೂಜ್ 1980ರಲ್ಲಿ ಫೆಲಿಕ್ಸ್ ಗ್ವಾಟರಿ ಜೊತೆ ಬರೆದ ‘ಎ ಥೌಸಂಡ್ ಪ್ಲಾಟೋಸ್’ನಲ್ಲಿ ವಸ್ತುವಲ್ಲದ ಘಟನೆಯ ಇದೇ ವಿಚಾರ ಕೋರ್ಟಿಗೂ ಬಂತು, ಬ್ಯಾಂಕಿಗೂ ಬಂತು. ನ್ಯಾಯಾಧೀಶ ತೀರ್ಪು ಓದುತ್ತಾನೆ. ಆರೋಪಿಯ ಒಂದು ಕೂದಲೂ ಕೊಂಕದೆ ಆ ಕ್ಷಣಕ್ಕೆ ಅವನು ಅಪರಾಧಿ! ಭಾಷೆಯನ್ನು ಕುರಿತ ಅಧ್ಯಾಯಕ್ಕೆ ಅವರಿಟ್ಟ ತಲೆಬರಹದಲ್ಲಿ ಒಂದು ತಾರೀಕಿದೆ: 1923ರ ನವೆಂಬರ್ 20. ಹಣದುಬ್ಬರದಲ್ಲಿ ಮುಳುಗಿದ್ದ ಜರ್ಮನಿಯಲ್ಲಿ 1 ಲಕ್ಷ ಕೋಟಿ ಹಳೆಯ ಮಾರ್ಕ್‌ಗೆ 1 ರೆಂಟೆನ್‌ಮಾರ್ಕ್ ಎಂದು ಗೊತ್ತುಮಾಡಿದ ದಿನ ಅದು. ಹಳೆಯ ನೋಟಿನ ಕಾಗದಕ್ಕಾಗಲಿ, ಶಾಯಿಗಾಗಲಿ, ಅದರ ಮೇಲಿನ ಸೊನ್ನೆಗಳಿಗಾಗಲಿ ಏನೂ ಆಗಿರಲಿಲ್ಲ!