ಏಳು ತರಗತಿ, ಮೂವರು ಉಪಾಧ್ಯಾಯರು

ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾಭ್ಯಾಸದ ಸ್ಥಿತಿಗತಿಯನ್ನು ಕುರಿತು ಮಾತೆತ್ತಿದೊಡನೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯನ್ನು ಮುಂದೆ ಹಿಡಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಪಟ್ಟಿಯಲ್ಲಿ ಈ ಜಿಲ್ಲೆಯೂ ನೆರೆಯ ಉಡುಪಿಯೂ ಸಾಮಾನ್ಯವಾಗಿ ಮುಂಚೂಣಿಯಲ್ಲಿಯೇ ಇರುವುದರಿಂದ, ಇಲ್ಲಿಯ ಶಾಲೆಗಳಿಗೆ ಕೊರತೆಯೇನೂ ಇರಲಾರದೆಂದು ಘಟ್ಟದ ಮೇಲಿನವರು ಭಾವಿಸುವುದೂ, ಅದನ್ನು ಕೇಳಿ ಘಟ್ಟದ ಕೆಳಗಿನವರು ಹಿಗ್ಗುವುದೂ ಸ್ವಾಭಾವಿಕವೇ. ಆದರೆ ಹತ್ತನೆಯ ತರಗತಿಯ ಅಂಕಗಳನ್ನು ನೋಡಿ ಒಂದನೆಯ ತರಗತಿಯಲ್ಲಿ ಏನು ನಡೆಯುತ್ತದೆಂಬುದನ್ನು ಅರಿಯಲಾಗದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಶೈಕ್ಷಣಿಕ ವಲಯಗಳ ಹಳ್ಳಿಗಳಲ್ಲಿ, ‘ದ.ಕ.ಜಿ.ಪಂ.’ ಎಂಬ ಅಕ್ಷರಗಳಿಂದ ಮೊದಲಾಗುವ ಹೆಸರಿನ ಹಲಗೆಯನ್ನು ಹೊತ್ತ ಹಿರಿಯ ಪ್ರಾಥಮಿಕ ಶಾಲೆಗಳ ಗುಣವು ನಿರ್ಣಯವಾಗುವುದು ಆ ಕೆಳಗಿನ ತರಗತಿಗಳಲ್ಲಿಯೇ.

ಇದಕ್ಕೆ ಈ ನಾಡಿಗೆ ವಿಶಿಷ್ಟವಾದೊಂದು ಕಾರಣವುಂಟು. ಮಂಡ್ಯದ ಮಗುವು ಶಾಲೆಗೆ ಬರುವಾಗ ಕನ್ನಡವನ್ನು ಮನೆಯಿಂದಲೇ ತಂದಿರುತ್ತದೆ. ಇಲ್ಲಿಯ ಮಗುವು ತರುವುದು ತುಳುವನ್ನು, ಬ್ಯಾರಿಯನ್ನು, ಕೊಂಕಣಿಯನ್ನು, ಕೆಲವೆಡೆ ಮಲೆಯಾಳವನ್ನು ಅಥವಾ ಚಿತ್ಪಾವನರ ಮರಾಠಿಯನ್ನು. ಮನೆಯಲ್ಲಿ ಹವ್ಯಕ ಕನ್ನಡವನ್ನಾಡುವ ಮಗುವಿಗೂ ಪಠ್ಯಪುಸ್ತಕದ ಕನ್ನಡವು ಸಾಕಷ್ಟು ಹೊಸದೇ. ಹೀಗೆ ನಾಲ್ಕೈದು ಮನೆಮಾತುಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು, ಯಾರ ಅಡುಗೆಮನೆಯಲ್ಲಿಯೂ ಕೇಳಿಬರದ ಗ್ರಾಂಥಿಕ ಕನ್ನಡವನ್ನು ಎಲ್ಲರ ಸಮಾನ ಭಾಷೆಯೆಂದು ಅಂಗೀಕರಿಸುವುದು, ಯೋಚಿಸಿ ನೋಡಿದರೆ, ಸಾಮಾನ್ಯವಾದ ಸಾಧನೆಯಲ್ಲ. ಅಂಗಡಿಯಲ್ಲಿ ಹತ್ತು ಎಳನೀರಿನಲ್ಲಿ ನಾಲ್ಕು ಮಾರಿಹೋದರೆ ಮಿಕ್ಕುದೆಷ್ಟೆಂದು ತುಳುವಿನಲ್ಲಿ ಥಟ್ಟನೆ ಹೇಳಬಲ್ಲ ಹುಡುಗನು, ಅದೇ ಲೆಕ್ಕವು ಪುಸ್ತಕದಲ್ಲಿ ಎರಡು ಸಾಲಿನ ವಾಕ್ಯವಾಗಿ ಬಂದಾಗ ಬಾಯಿ ಕಟ್ಟಿದವನಂತೆ ನಿಲ್ಲುತ್ತಾನೆ. ಅವನಿಗೆ ಗಣಿತ ಬಾರದೆಂದು ವರದಿಯಲ್ಲಿ ಬರೆಯುವುದು ಸುಲಭ. ಅವನಿಗೆ ಬಾರದಿರುವುದು ಪ್ರಶ್ನೆಯ ಕನ್ನಡವೆಂಬುದನ್ನು ಕಂಡುಹಿಡಿಯಬೇಕಾದರೆ ಉಪಾಧ್ಯಾಯರು ಅವನ ಪಕ್ಕದಲ್ಲಿ ಕುಳಿತು ಎರಡು ನಿಮಿಷ ಮಾತನಾಡಬೇಕು. ಆ ಎರಡು ನಿಮಿಷಗಳು ಎಲ್ಲಿಂದ ಬರಬೇಕೆಂಬುದೇ ಈ ಲೇಖನದ ವಿಷಯವೆಂದರೂ ಸಲ್ಲುತ್ತದೆ.

ಈ ತೊಡಕನ್ನು ಬಹಳ ಹಿಂದೆಯೇ ಬಲ್ಲವರೊಬ್ಬರು ಬಂಟ್ವಾಳದಲ್ಲಿಯೇ ಹುಟ್ಟಿದ್ದರು. 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲೆಗಳ ತನಿಖಾಧಿಕಾರಿಗಳಾಗಿ, ಮದ್ರಾಸು ಆಧಿಪತ್ಯಕ್ಕೆ ಒಳಪಟ್ಟಿದ್ದ ಅಂದಿನ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮಕ್ಕಳು ಓದುವ ಪರಿಯನ್ನು ಪ್ರತ್ಯಕ್ಷವಾಗಿ ನೋಡಿದವರು. ತನಿಖೆಯ ಅಧಿಕಾರಿಯಾದವನು ಹಾಜರಿ ಪುಸ್ತಕಕ್ಕೆ ರುಜು ಹಾಕಿ, ಉಪಾಧ್ಯಾಯರನ್ನು ನಾಲ್ಕು ಮಾತು ಗದರಿಸಿ ಹೊರಟುಹೋದರೆ ಕೇಳುವವರಿರಲಿಲ್ಲ. ಪಂಜೆಯವರಾದರೋ ಮಕ್ಕಳ ನಾಲಗೆಯ ಮೇಲೆ ತಾನಾಗಿ ನಲಿಯಬಲ್ಲ ಪದ್ಯಗಳನ್ನೂ ಕಥೆಗಳನ್ನೂ ರಚಿಸಿದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು, ತುಳುವರ ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ಕರೆತಂದರು. ಗದ್ದೆಯ ನಾಟಿಯ ಹೊತ್ತಿಗೆ ಕೇಳಿದ ವೀರರ ಕಥೆಯೇ ಶಾಲೆಯ ಭಾಷೆಯಲ್ಲಿಯೂ ಎದುರಾದಾಗ ಮಗುವಿಗೆ ಆ ಭಾಷೆಯ ಮೇಲಿನ ಅಂಜಿಕೆಯು ಅರ್ಧ ಇಳಿದುಹೋಗುತ್ತದೆ. ಶಿಕ್ಷಣಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದನ್ನು ಅವರು ಗ್ರಂಥದ ಸಹಾಯವಿಲ್ಲದೆಯೇ ಮಾಡಿದರೆಂದು ನನ್ನ ಅಭಿಪ್ರಾಯ. ಮನೆಮಾತಿಗೆ ಶಾಲೆಯೊಳಗೆ ವಿಧ್ಯುಕ್ತವಾದ ಆಸನ ದೊರೆತುದು ಬಹಳ ತಡವಾಗಿ: 2010ರಿಂದ ಕೆಲವು ಶಾಲೆಗಳಲ್ಲಿ ತುಳುವು ತೃತೀಯ ಭಾಷೆಯಾಗಿದೆ. ಅದೂ ಆರನೆಯ ತರಗತಿಯಿಂದ ಮೇಲೆ, ಅಂದರೆ ಅದರ ಅವಶ್ಯಕತೆಯು ಬಹುಮಟ್ಟಿಗೆ ತೀರಿದ ಬಳಿಕ.

ಇಂದಿನ ಕೆಳಗಿನ ತರಗತಿಗಳಲ್ಲಿ ನಡೆಯುವುದು ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಉಪಾಧ್ಯಾಯರೇ ಮುಂದಾಗಿ ಪ್ರಯೋಗಿಸಿ ನೋಡಿದ ಈ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಗೋಡೆಯ ಮೇಲೆ ಕಲಿಕೆಯ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಚಪ್ಪರ, ಪ್ರಾಣಿಪಕ್ಷಿಗಳ ಗುರುತುಳ್ಳ ಕಾರ್ಡುಗಳು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ವೃತ್ತಾಕಾರವಾಗಿ ಕುಳಿತು, ಒಬ್ಬೊಬ್ಬರು ತಮ್ಮ ತಮ್ಮ ವೇಗಕ್ಕನುಸಾರವಾಗಿ ಏಣಿಯ ಮೆಟ್ಟಿಲುಗಳನ್ನೇರುತ್ತಾರೆ. ಉಪಾಧ್ಯಾಯರ ಪೂರ್ಣ ಸಹಾಯ ಬೇಕಾದವರದು ಒಂದು ತಟ್ಟೆ, ಸಹಪಾಠಿಗಳ ಸಹಾಯ ಸಾಕಾದವರದು ಇನ್ನೊಂದು, ತಾವಾಗಿ ಕಲಿಯಬಲ್ಲವರದು ಮತ್ತೊಂದು. ಪದ್ಧತಿಯೇನೋ ಸುಂದರವಾದುದೆ. ಆದರೆ ಮೊದಲನೆಯ ತಟ್ಟೆಯಲ್ಲಿ ಕುಳಿತ ಮಗುವಿಗೆ ಉಪಾಧ್ಯಾಯರು ಸಿಗಬೇಕಾದರೆ ಅವರನ್ನು ಮುಖ್ಯೋಪಾಧ್ಯಾಯರ ಮೇಜಿಗೋ, ಅಂತರ್ಜಾಲದಲ್ಲಿ ತುಂಬಬೇಕಾದ ಅಂಕಿಅಂಶಗಳಿಗೋ, ಪಕ್ಕದ ಕೋಣೆಯ ಗದ್ದಲಕ್ಕೋ ಯಾರೂ ಕರೆಯಕೂಡದು.

ಕರೆಯದೆ ಗತಿಯಿಲ್ಲವೆಂಬುದಕ್ಕೆ ಒಂದು ಲೆಕ್ಕವಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಬಂಧದಂತೆ, ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೂ ಇಬ್ಬರು ಉಪಾಧ್ಯಾಯರು. ಮೂವತ್ತಕ್ಕೊಬ್ಬರೆಂಬುದು ಕಾಗದದ ಮೇಲೆ ಉದಾರವಾಗಿಯೇ ಕಾಣುತ್ತದೆ. ಆದರೆ ಆ ಮೂವತ್ತು ಮಂದಿ ಒಂದೇ ತರಗತಿಯವರಲ್ಲ. ನಾಲ್ಕನೆಯದನ್ನೂ ಐದನೆಯದನ್ನೂ ಒಟ್ಟಿಗೆ ನೋಡಿಕೊಳ್ಳುವವರು ಕರಿಹಲಗೆಯ ನಡುವೆ ಸೀಮೆಸುಣ್ಣದಿಂದ ಗೆರೆಯೆಳೆದು, ಎಡಕ್ಕೆ ನಾಲ್ಕನೆಯವರಿಗೆ ಭಾಗಾಕಾರವನ್ನು ಬರೆದು, ಬಲಕ್ಕೆ ತಿರುಗಿ ಐದನೆಯವರಿಗೆ ಪರಿಸರ ಪಾಠವನ್ನು ಮೊದಲುಮಾಡುತ್ತಾರೆ. ಪಾಠವು ರಸವತ್ತಾಗಿದ್ದರೆ ನಾಲ್ಕನೆಯವರೂ ಅದನ್ನೇ ಕೇಳುತ್ತ ಕುಳಿತು ಭಾಗಾಕಾರವು ಅಲ್ಲಿಯೇ ಉಳಿಯುತ್ತದೆ. ಮಕ್ಕಳು ಕಡಮೆಯಾದಂತೆ ಉಪಾಧ್ಯಾಯರು ‘ಹೆಚ್ಚುವರಿ’ಯೆನಿಸಿ ಬೇರೆಡೆಗೆ ಹೋಗುತ್ತಾರೆ, ಉಪಾಧ್ಯಾಯರು ಕಡಮೆಯಾದರೆಂದು ತಂದೆತಾಯಿಗಳು ಮಿಕ್ಕ ಮಕ್ಕಳನ್ನೂ ಹಳದಿ ಬಸ್ಸಿನ ಶಾಲೆಗೆ ಸೇರಿಸುತ್ತಾರೆ. ಅನುದಾನಿತ ಶಾಲೆಗಳ ಪಾಡು ಇನ್ನೂ ಕಷ್ಟ. ತಾಲೂಕು ಬೋರ್ಡಿನ ಕಾಲದಲ್ಲಿ ಊರಿನ ಅಧ್ಯಾಪಕರೇ ಸಂಚಾಲಕರೂ ಆಗಿ, ಮುರಕಲ್ಲಿನ ಗೋಡೆಗೆ ಮಂಗಳೂರು ಹಂಚು ಹೊದಿಸಿ ನಡೆಸಿಕೊಂಡು ಬಂದ ಇಂತಹ ಶಾಲೆಗಳು ಈ ಜಿಲ್ಲೆಯ ಹೆಮ್ಮೆಯಾಗಿದ್ದವು. ಈಗ ಒಬ್ಬರು ನಿವೃತ್ತರಾದರೆ ಆ ಸ್ಥಾನವನ್ನು ತುಂಬಲು ಅಪ್ಪಣೆಯು ವರ್ಷಗಟ್ಟಲೆ ಬರುವುದಿಲ್ಲ.

ಇಷ್ಟರ ನಡುವೆಯೂ ಶಾಲೆಯ ದಿನವು ಮಕ್ಕಳಿಗೆ ನೀರಸವಾದುದೆಂದು ತಿಳಿಯಬಾರದು. ಬೆಳ್ತಂಗಡಿಯ ಕಡೆ ಘಟ್ಟದ ಬುಡದಲ್ಲಿ, ಅಡಿಕೆ ಮರದ ಕಾಲುಸಂಕವನ್ನು ದಾಟಿ, ಜಿಗಣೆಯನ್ನೊ ಇಂಬಳವನ್ನೊ ಕಾಲಿನಿಂದ ಕಿತ್ತೆಸೆದು ಬರುವ ಮಕ್ಕಳಿಗೆ ಆಷಾಢದ ಮಳೆಯಲ್ಲಿ ಜಗಲಿಯ ತುಂಬ ಕೊಡೆಗಳನ್ನು ಬಿಡಿಸಿಡುವುದೇ ಒಂದು ಆಟ. 2013ರಿಂದ ಹಾಲು, ಅದಕ್ಕೂ ಹಿಂದಿನಿಂದ ಬಿಸಿಯೂಟ, ಈಗ ಮೊಟ್ಟೆ ಅಥವಾ ಬಾಳೆಹಣ್ಣು. ಊರಿನವರು ಕೊಟ್ಟ ತೆಂಗಿನಕಾಯಿಯೂ ಸೌತೆಕಾಯಿಯೂ ಸೇರಿದ ಸಾಂಬಾರಿನ ಪರಿಮಳವು ಹನ್ನೆರಡು ಗಂಟೆಯ ಪಾಠಕ್ಕೆ ದೊಡ್ಡ ಪ್ರತಿಸ್ಪರ್ಧಿ. ಊಟದ ಪಂಕ್ತಿಯಲ್ಲಿ ಯಾವ ಮನೆಮಾತಿನವರು ಯಾರ ಪಕ್ಕದಲ್ಲಿದ್ದಾರೆಂದು ಯಾರೂ ನೋಡುವುದಿಲ್ಲ. ಆಟದ ಬಯಲಿನ ಜಗಳಗಳೆಲ್ಲ ತುಳುವಿನಲ್ಲಿ, ಅವುಗಳ ದೂರು ಮಾತ್ರ ಕನ್ನಡದಲ್ಲಿ.

ಬಂಟ್ವಾಳದ ಮೂಡನಡುಗೋಡು ಗ್ರಾಮದ ದಡ್ಡಲಕಾಡು ಶಾಲೆಯ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಮಕ್ಕಳ ಸಂಖ್ಯೆಯು ಮೂವತ್ತರ ಒಳಕ್ಕಿಳಿದು ಮುಚ್ಚುವ ಅಂಚಿಗೆ ಬಂದಿದ್ದ ಆ ಸರಕಾರಿ ಶಾಲೆಯನ್ನು ಕರೆಂಕಿಯ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು, ಪ್ರಕಾಶ್ ಅಂಚನ್ ಎಂಬವರ ಮುಂದಾಳುತನದಲ್ಲಿ ದತ್ತು ಪಡೆದು, ಕಟ್ಟಡವನ್ನೂ ವಾಹನವನ್ನೂ ಒದಗಿಸಿ, ಶಿಶುವಿಹಾರವನ್ನೂ ಆಂಗ್ಲ ಭಾಷೆಯ ಬೋಧನೆಯನ್ನೂ ಸೇರಿಸಿದ ಮೇಲೆ ಮಕ್ಕಳು ನೂರುಗಟ್ಟಲೆ ಬಂದರು. ಮನೆಮಾತಿನಿಂದ ಕನ್ನಡಕ್ಕೆ ದಾಟುತ್ತಿರುವ ಮಗುವಿನ ಮುಂದೆ ಇಂಗ್ಲಿಷಿನ ಮತ್ತೊಂದು ಹೊಳೆಯನ್ನು ಹರಿಸುವುದು ನನಗೆ ಅಷ್ಟೇನೂ ರುಚಿಸದ ವಿಷಯ. ಆದರೂ ತರಗತಿಗೊಬ್ಬರು ಉಪಾಧ್ಯಾಯರು ದೊರೆಯುವಷ್ಟು ಮಕ್ಕಳನ್ನು ಅದು ಕೂಡಿಸಿಕೊಟ್ಟಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಇದಕ್ಕೆ ತದ್ವಿರುದ್ಧವಾದ ಸಾಕ್ಷ್ಯವು ಮೂಡುಬಿದಿರೆಯಲ್ಲಿದೆ. ಅಲ್ಲಿಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯಲ್ಲಿ ಊಟ ವಸತಿ ಸಹಿತ ಉಚಿತ ವಿದ್ಯಾಭ್ಯಾಸವನ್ನು ಪಡೆಯಲು ನಾಡಿನ ನಾನಾ ಜಿಲ್ಲೆಗಳಿಂದ ಸಾವಿರಾರು ಮಕ್ಕಳು ಪ್ರವೇಶ ಪರೀಕ್ಷೆಗೆ ಬರುತ್ತಾರೆ. ಕನ್ನಡದಲ್ಲಿ ಓದಲು ಸ್ಪರ್ಧೆ ನಡೆಯುವುದು ಈ ಕಾಲದಲ್ಲಿ ಅಪೂರ್ವವೇ ಸರಿ. ಆದರೆ ಆರಿಸಿ ತೆಗೆದ ಮಕ್ಕಳಿಗೆ ಕಲಿಸುವುದು ಬೇರೆ, ಬಂದವರೆಲ್ಲರಿಗೂ ಕಲಿಸುವುದು ಬೇರೆ.

ಬಂದವರೆಲ್ಲರಿಗೂ ಕಲಿಸಬೇಕಾದ ಶಾಲೆಗಳು ತಮ್ಮ ತಮ್ಮ ಉಪಾಯವನ್ನು ಕಂಡುಕೊಂಡಿವೆ. 1982ರಲ್ಲಿ ಸ್ಥಾಪಿತವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ‘ಜ್ಞಾನದೀಪ’ ಎಂಬ ಕಾರ್ಯಕ್ರಮದಲ್ಲಿ ಗೌರವ ಶಿಕ್ಷಕರನ್ನು ಒದಗಿಸುತ್ತಾರೆ. ಬೇರೆ ಕೆಲವೆಡೆ ಶಾಲಾಭಿವೃದ್ಧಿ ಸಮಿತಿಯವರು ಶಾಲೆಯ ಜಮೀನಿನಲ್ಲಿಯೇ ಅಡಿಕೆ ಸಸಿಗಳನ್ನು ನೆಟ್ಟಿದ್ದಾರೆ: ಐದಾರು ವರ್ಷಗಳಲ್ಲಿ ಫಸಲು ಬರುತ್ತದೆ, ಬಂದ ಹಣದಲ್ಲಿ ಒಬ್ಬ ಉಪಾಧ್ಯಾಯರಿಗೆ ಸಂಬಳ ಕೊಡಬಹುದೆಂಬುದು ಎಣಿಕೆ. ಊರಿನವರ ವಿವೇಕಕ್ಕೂ ಶ್ರಮಕ್ಕೂ ತಲೆಬಾಗಬೇಕು. ಆದರೆ ಒಂದನೆಯ ತರಗತಿಗೆ ಉಪಾಧ್ಯಾಯರಿರಬೇಕೇ ಬೇಡವೇ ಎಂಬುದನ್ನು ಕೊಳೆರೋಗವೂ ಮಂಗಳೂರಿನ ಅಡಿಕೆ ಧಾರಣೆಯೂ ತೀರ್ಮಾನಿಸುವಂತಾದುದಕ್ಕೆ ಆ ಊರಿನವರಂತೂ ಹೊಣೆಗಾರರಲ್ಲ.