ಜಮಖಾನೆಯ ಅಡಿಹಾಸು

ಹಾಸಿದ ಜಮಖಾನೆಯನ್ನು ಎಲ್ಲರೂ ಹೊಗಳುವರು. ಅದರ ಅಡಿಯಲ್ಲಿ ಏನಿದೆಯೆಂದು ಯಾರೂ ವಿಚಾರಿಸುವದಿಲ್ಲ. ಆದರೆ ಹಾಸುಗೆಯ ಬಾಳಿಕೆಯೂ ಮನೆಯ ಹಿರಿಯರ ಕೈಕಾಲುಗಳ ಕ್ಷೇಮವೂ ಬಹುಮಟ್ಟಿಗೆ ಆ ಅಡಿಹಾಸನ್ನೇ ಅವಲಂಬಿಸಿವೆ.

ವಿಜಯಪುರಕ್ಕೂ ಹಾಸುಗೆಗಳಿಗೂ ಹಳೆಯ ನಂಟು. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ರತ್ನಗಂಬಳಿಗಳನ್ನು ನೋಡಬಹುದು. ನವಲಗುಂದದ ಪ್ರಸಿದ್ಧ ಜಮಖಾನೆಗಳ ನೇಕಾರರೂ ಆದಿಲಶಾಹಿ ಕಾಲದಲ್ಲಿ ಇದೇ ಊರಿನಲ್ಲಿದ್ದು, ಬಳಿಕ ಅಲ್ಲಿಗೆ ಹೋದವರೆಂದು ಹೇಳುವದುಂಟು. ಆದರೆ ಇವೆರಡೂ ಒಂದೇ ಜಾತಿಯವಲ್ಲ. ರತ್ನಗಂಬಳಿಯ ಮೇಲೆ ಗಂಟು ಹಾಕಿದ ಎಳೆಗಳು ನಿಂತಿರುತ್ತವೆ. ಜಮಖಾನೆಯು ಹತ್ತಿಯ ನೂಲಿನ ಚಪ್ಪಟೆ ನೇಯ್ಗೆ. ಮೊದಲನೆಯದಕ್ಕೆ ಅಡಿಯಲ್ಲಿ ಮೆತ್ತೆ ಬೇಕು, ಎರಡನೆಯದಕ್ಕೆ ಹಿಡಿತ ಬೇಕು.

ಹಾಸುಗೆ ಸವೆಯುವದು ಮೇಲಿನಿಂದ ಮಾತ್ರವಲ್ಲ. ನಮ್ಮದು ಎರೆಸೀಮೆ, ಕಾಲಿಗೆ ಹತ್ತಿಬಂದ ಸಣ್ಣ ಮಣ್ಣು ನೇಯ್ಗೆಯೊಳಗಿಂದ ಇಳಿದು ಶಹಾಬಾದ ಫರಸಿಯ ಮೇಲೆ ಕೂಡುತ್ತದೆ. ಮೇಲೆ ಕಾಲು, ಕೆಳಗೆ ಕಲ್ಲು, ನಡುವೆ ಹರಳು! ಬೀಸುಕಲ್ಲಿನಲ್ಲಿ ಸಿಕ್ಕ ಕಾಳಿನ ಗತಿಯೇ ನೂಲಿಗೂ. ಅಡಿಯಲ್ಲಿ ತುಸು ಒತ್ತಿಕೊಳ್ಳುವ ವಸ್ತುವಿದ್ದರೆ ಆ ಭಾರವನ್ನು ಅದು ತಾಳಿಕೊಳ್ಳುವದು.

"ಹಾಗಾದರೆ ಗಾದಿಯ ಸ್ಪಂಜನ್ನೇ ಹಾಕಿದರಾಯಿತಲ್ಲ, ತಮ್ಮಾ" ಎಂದು ಟಿಕೋಟಾದ ನಮ್ಮ ಸೋದರಮಾವನವರು ವಾದಿಸಿದರು. ಅನೇಕರ ವಿಚಾರವೂ ಇದೇ. ಆದರೆ ಮೆತ್ತಗಿದ್ದಷ್ಟೂ ಒಳ್ಳೆಯದೆಂಬುದು ನಿಜವಲ್ಲ. ದಪ್ಪ ಸ್ಪಂಜಿನಲ್ಲಿ ಕಾಲು ಹೂತಂತೆಲ್ಲ ನೇಯ್ಗೆ ಅಲ್ಲಿಯೇ ಜಗ್ಗುತ್ತದೆ; ಕುರ್ಚಿಯ ಕಾಲು ಇದ್ದಲ್ಲಿ ಕುಳಿ ಬೀಳುತ್ತದೆ; ಬಡಿಗೆ ಊರಿ ನಡೆಯುವವರು ಜೋಲಿ ತಪ್ಪುತ್ತಾರೆ. ರತ್ನಗಂಬಳಿಗೆ ಕಾಲು ಇಂಚಿನಿಂದ ಹೆಚ್ಚೆಂದರೆ ಅರ್ಧ ಇಂಚಿನೊಳಗಿನ ಗಟ್ಟಿ ಅಡಿಹಾಸು ಸಾಕು. ಸೆಣಬನ್ನೋ ಉಣ್ಣೆಯನ್ನೋ ಒತ್ತಿ ಮಾಡಿದ ನಮದಾ ಉತ್ತಮ. ಅಂಗಡಿಯಲ್ಲಿಯೇ ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ಬೆರಳಿಗೆ ಕೆಳಗಿನ ಹಲಗೆ ತಾಗಿದರೆ ಅದು ಬೇಡ, ಬೆರಳು ತೆಗೆದ ಕೂಡಲೆ ಮೇಲೆದ್ದರೆ ಕೊಳ್ಳಬಹುದು.

ಜಮಖಾನೆಗೆ ಇಷ್ಟೆಲ್ಲ ಬೇಡ. ನುಣುಪಾದ ಫರಸಿಯ ಮೇಲೆ ಅದು ಸರಿಯದಿದ್ದರಾಯಿತು. ಬಲೆಯಂತೆ ತೂತುಗಳಿರುವ ತೆಳುವಾದ ರಬ್ಬರ ಹಾಸು ಇದಕ್ಕೆ ತಕ್ಕದ್ದು. ಆದರೆ ನಮ್ಮ ಬೇಸಿಗೆ 40 ಡಿಗ್ರಿ ದಾಟುವದರಿಂದ ಬಿಸಿಲು ಬೀಳುವ ಬಾಗಿಲ ಬಳಿ ಅದನ್ನು ಹಾಕಬಾರದು. ಅಗ್ಗದ ರಬ್ಬರು ಕಾಯ್ದು ನೆಲಕ್ಕೆ ಅಂಟಿಕೊಳ್ಳುತ್ತದೆ. ಮನೆಯ ಹಳೆಯ ಕೌದಿಯನ್ನು ಹಾಸುವವರೂ ಇದ್ದಾರೆ. ಖರ್ಚಿಲ್ಲ, ನಿಜ, ಆದರೆ ಬಟ್ಟೆಯ ಮೇಲೆ ಬಟ್ಟೆ, ಎರಡೂ ಕೂಡಿಯೇ ಜಾರುತ್ತವೆ. ಕಂಬಳಿ ಅದಕ್ಕಿಂತ ಮೇಲು, ನುಸಿ ಹತ್ತದಂತೆ ನೋಡಿಕೊಂಡರೆ.

ಬಬಲೇಶ್ವರದ ಕಡೆ ಲಗ್ನದ ಹಂದರದಲ್ಲಿ ಮಣ್ಣಿನ ನೆಲಕ್ಕೆ ತಾಡಪತ್ರಿ ಹಾಸಿ ಮೇಲೆ ಜಮಖಾನೆ ಬಿಡಿಸುವದು ಸರಿಯಾದ ಕ್ರಮವೇ. ತಾಡಪತ್ರಿ ನೆಲದ ತೇವವನ್ನು ತಡೆಯುತ್ತದೆ. ಆದರೆ ಮೇಲೆ ಚೆಲ್ಲಿದ ನೀರನ್ನೂ ಅದು ಇಂಗಗೊಡದು. ಆದ್ದರಿಂದ ಊಟದ ಪಂಕ್ತಿ ಮುಗಿದ ಮೇಲೆ ಜಮಖಾನೆಯನ್ನು ಎತ್ತಿ ಒಣಹಾಕಲೇಬೇಕು.

ಇನ್ನು ಅಳತೆ. ಅಡಿಹಾಸು ಮೇಲಿನ ಹಾಸುಗೆಗಿಂತ ನಾಲ್ಕೂ ಬದಿಗೆ ಒಂದೊಂದು ಇಂಚು ಚಿಕ್ಕದಿರಬೇಕು. ಆಗ ಅಂಚು ನೆಲಕ್ಕೆ ಹತ್ತಿಕೊಂಡಿರುವದು, ಮುದುಕರ ಬಡಿಗೆಯ ತುದಿ ಅದಕ್ಕೆ ಸಿಕ್ಕದು.