ಬಣ್ಣ ಒಣಗುವ ಹೊತ್ತು

ಅಂಗಡಿಯಿಂದ ತಂದ ಸ್ಪ್ರೇ ಡಬ್ಬಿಯ ಗುಂಡಿ ಒತ್ತಿದರೆ ಸಾಕು, ತುಕ್ಕು ಉಜ್ಜಿ ತೆಗೆದ ಹಳೆಯ ಕಬ್ಬಿಣದ ಕುರ್ಚಿ ಕ್ಷಣದಲ್ಲಿ ಹೊಸ ಬಣ್ಣ ತಳೆಯುತ್ತದೆ. ಬಳಿಯುವ ಕೆಲಸ ಅಷ್ಟು ಸುಲಭ. ಒಣಗುವತನಕ ಕಾಯುವುದೇ ಕಷ್ಟ. ಹಿತ್ತಿಲಲ್ಲಿ ಕುರ್ಚಿಯ ಮುಂದೆ ನಿಂತವನ ಈ ಅವಸರ ಹೊಸತೇನಲ್ಲ. ನೂರು ವರ್ಷಗಳ ಹಿಂದೆ ಅಮೆರಿಕದ ಮೋಟಾರು ಉದ್ಯಮವನ್ನೇ ಅದು ಕಾಡಿತ್ತು.

ಕುದುರೆ ಸಾರೋಟುಗಳಿಗೆ ಹಚ್ಚುತ್ತಿದ್ದ ಎಣ್ಣೆಬಣ್ಣ, ವಾರ್ನಿಷುಗಳನ್ನೇ ಮೊದಮೊದಲು ಮೋಟಾರುಗಳಿಗೂ ಕುಂಚದಿಂದ ಬಳಿಯುತ್ತಿದ್ದರು. ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದು ಬಲು ನಿಧಾನ. ಒಂದು ಲೇಪ ಒಣಗಬೇಕು, ಅದನ್ನು ಉಜ್ಜಬೇಕು, ಮತ್ತೊಂದು ಲೇಪ ಕೊಡಬೇಕು. ಹೀಗೆ ವಾರಗಳೇ ಉರುಳುತ್ತಿದ್ದವು. ೧೯೧೩ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಹೂಡಿದ ಮೇಲೆ ಗಾಡಿಯ ಚೌಕಟ್ಟು ಒಂದೂವರೆ ಗಂಟೆಯಷ್ಟರಲ್ಲಿ ಸಿದ್ಧವಾಗತೊಡಗಿತು. ಅಂಥ ವೇಗಕ್ಕೆ ವಾರ್ನಿಷಿನ ನಿಧಾನ ಹೊಂದುವುದುಂಟೆ? ೧೯೧೪ರಿಂದ ೧೯೨೫ರವರೆಗೆ ಫೋರ್ಡರ ‘ಮಾಡೆಲ್ ಟಿ’ ಗಾಡಿ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯಿತು. ಆ ಕಪ್ಪು ಅರಗು ಅಗ್ಗ, ಬಾಳಿಕೆಯದು. ಬಿಸಿ ಗೂಡಿನಲ್ಲಿಟ್ಟು ಬೇಗ ಗಟ್ಟಿಗೊಳಿಸಲೂ ಬರುತ್ತಿತ್ತು.

ಬಣ್ಣ ಬಣ್ಣದ ಗಾಡಿಗಳನ್ನು ಬೇಗ ಒಣಗಿಸಿದ್ದು ‘ಡ್ಯೂಕೋ’. ಡ್ಯೂಪಾಂಟ್ ಕಂಪನಿಯು ಹತ್ತಿಯ ನಾರನ್ನು ರಾಸಾಯನಿಕವಾಗಿ ಮಾರ್ಪಡಿಸಿ, ದ್ರಾವಕದಲ್ಲಿ ಕರಗಿಸಿ ತಯಾರಿಸಿದ ಲ್ಯಾಕರು ಇದು. ಜನರಲ್ ಮೋಟಾರ್ಸ್ ಸಂಸ್ಥೆ ೧೯೨೪ರ ಮಾದರಿಯ ‘ಓಕ್‌ಲ್ಯಾಂಡ್’ ಕಾರಿಗೆ ನೀಲಿ ಡ್ಯೂಕೋ ಬಳಿದು ಮಾರುಕಟ್ಟೆಗೆ ತಂದಿತು. ಆ ಸಂಸ್ಥೆಯ ಸಂಶೋಧಕ ಚಾರ್ಲ್ಸ್ ಕೆಟರಿಂಗ್‌ರನ್ನು ಕುರಿತು ಒಂದು ಕಥೆ ಪ್ರಸಿದ್ಧವಾಗಿದೆ. ಬೇಗ ಒಣಗುವ ಬಣ್ಣ ಅಸಾಧ್ಯವೆಂದು ವಾದಿಸಿದ ಅತಿಥಿಯೊಬ್ಬರನ್ನು ಆತ ಊಟಕ್ಕೆ ಕೂರಿಸಿದರಂತೆ. ಊಟ ಮುಗಿಸಿ ಹೊರಬಂದ ಅತಿಥಿಗೆ ತಮ್ಮ ಗಾಡಿಯ ಗುರುತೇ ಸಿಗಲಿಲ್ಲವಂತೆ. ಅಷ್ಟರಲ್ಲಿ ಅದರ ಬಣ್ಣ ಬದಲಾಗಿ ಒಣಗಿಯೂ ಹೋಗಿತ್ತು! ನಮ್ಮ ಬಡಗಿಗಳ ಬಾಯಲ್ಲಿ ‘ಡ್ಯೂಕೋ’ ಎಂಬ ಮಾತು ಇಂದಿಗೂ ಉಳಿದಿದೆ.

ಇದರ ಗುಟ್ಟು ಸರಳ. ಈ ಬಣ್ಣ ಆಮ್ಲಜನಕಕ್ಕಾಗಿ ಕಾಯುವುದಿಲ್ಲ. ದ್ರಾವಕ ಹಾರಿಹೋದೊಡನೆ ಗಟ್ಟಿಯಾಗುತ್ತದೆ. ಆದರೆ ಕುಂಚ ಎಳೆಯುವಷ್ಟರಲ್ಲಿಯೇ ಒಣಗತೊಡಗುವುದರಿಂದ ಇದನ್ನು ತುಂತುರಾಗಿ ಸಿಂಪಡಿಸಬೇಕು. ಅದಕ್ಕೊದಗಿದ ಸ್ಪ್ರೇಗನ್ನಿನ ಮೂಲ ಒಬ್ಬ ವೈದ್ಯರ ಕೈಚಳಕ. ಒಹಾಯೋದ ಡಾ. ಅಲೆನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಸಾಧನವೊಂದನ್ನು ಮಾಡಿದ್ದರು. ಅವರ ಮಗ ಥಾಮಸ್ ಅದೇ ತತ್ತ್ವವನ್ನು ಬಣ್ಣಕ್ಕೆ ಅಳವಡಿಸಿದರು. ೧೯೪೯ರಲ್ಲಿ ಇಲಿನಾಯ್ ಪ್ರಾಂತದ ಎಡ್ವರ್ಡ್ ಸೀಮೋರ್ ಬಣ್ಣವನ್ನೂ ಒತ್ತಡದ ಅನಿಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿದರು. ಅಲ್ಲಿಗೆ ಕಾರ್ಖಾನೆಯ ವಿದ್ಯೆ ಮನೆಗೆ ಬಂದಿತು.

ಮನೆಯಲ್ಲಿ ಬಣ್ಣ ಬೇಗ ಒಣಗಬೇಕೆನ್ನುವವರಿಗೆ ಇದರಲ್ಲಿಯೇ ಪಾಠವಿದೆ. ದಪ್ಪ ಲೇಪ ಕೊಟ್ಟರೆ ಮೇಲೆ ಕೆನೆ ಕಟ್ಟಿ, ದ್ರಾವಕ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಬಣ್ಣ ದಿನವಾದರೂ ಮೆತ್ತಗೆ ಇರುತ್ತದೆ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪ ಬೇಗ ಒಣಗುತ್ತವೆ. ಈ ಮಾತು ಪ್ರೈಮರಿಗೂ ಸಲ್ಲುತ್ತದೆ. ಹಸಿ ಪ್ರೈಮರಿನ ಮೇಲೆ ಬಣ್ಣ ಹಚ್ಚಿದರೆ ಮೇಲುಪದರ ಸುಕ್ಕುಗಟ್ಟಬಹುದು. ಲೇಪಗಳ ನಡುವೆ ಎಷ್ಟು ಹೊತ್ತು ಬಿಡಬೇಕೆಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಮೀರಬಾರದು.

ಗಾಳಿ ಆಡುವ, ಒಣ, ಬೆಚ್ಚಗಿನ ಸ್ಥಳ ಉತ್ತಮ. ಪಂಖವನ್ನು ದೂರವಿರಿಸಿ ಕೋಣೆಯ ಗಾಳಿ ಹೊರಹೋಗುವಂತೆ ಮಾಡಬೇಕೇ ಹೊರತು ಹಸಿ ಬಣ್ಣಕ್ಕೆ ನೇರವಾಗಿ ಬೀಸಬಾರದು, ಧೂಳು ಅಂಟೀತು. ಮಳೆಗಾಲದ ತೇವದಲ್ಲಿ ಲ್ಯಾಕರು ಸಿಂಪಡಿಸಿದರೆ ಹಾರುವ ದ್ರಾವಕ ಮೇಲ್ಮೈಯನ್ನು ತಂಪುಗೊಳಿಸುತ್ತದೆ; ಗಾಳಿಯ ತೇವ ಅಲ್ಲಿ ಇಬ್ಬನಿಯಂತೆ ಕುಳಿತು ಬಣ್ಣ ಹಾಲಿನಂತೆ ಮಂಕಾಗುತ್ತದೆ. ಉರಿಬಿಸಿಲೂ ಹಿತವಲ್ಲ, ಗುಳ್ಳೆ ಏಳಬಹುದು.

ಕಾರ್ಖಾನೆಯವರು ಬಿಸಿ ಗೂಡು ಬಳಸಿದರೆಂದು ಗೃಹಸ್ಥರು ಒಲೆಯ ಬಳಿ ಒಣಗಿಸಹೊರಡಬಾರದು. ದ್ರಾವಕದ ಆವಿಗೂ ಡಬ್ಬಿಯ ಅನಿಲಕ್ಕೂ ಒಂದು ಕಿಡಿ ಸಾಕು. ಕಾದ ಡಬ್ಬಿ ಸಿಡಿಯಲೂಬಹುದು. ಮುಚ್ಚಿದ ಕೋಣೆಯಲ್ಲಿ ಆ ಆವಿಯನ್ನು ಉಸಿರಾಡುವುದೂ ಅಪಾಯ, ಮಕ್ಕಳನ್ನು ದೂರವಿಡಬೇಕು.

ಬೆರಳಿಗೆ ಅಂಟದಿದ್ದರೆ ಬಣ್ಣ ಒಣಗಿತೆಂದು ನಂಬುವುದು ಸಾಮಾನ್ಯ. ಆದರೆ ಉಗುರು ಒತ್ತಿದರೆ ಗುರುತು ಬೀಳುವಂತಿದ್ದರೆ, ವಾಸನೆ ಇನ್ನೂ ಇದ್ದರೆ, ಒಳಗೆ ಕೆಲಸ ನಡೆದೇ ಇದೆ. ಒಂದು ರಾತ್ರಿ ಹೆಚ್ಚು ಬಿಟ್ಟ ಕುರ್ಚಿ ಹಲವು ವರ್ಷ ಹೆಚ್ಚು ಬಾಳೀತು.